ಗಡಿ ದಾಟಿ ಬರುವ ಕಾಣಿಕೆ: ತೆಂಗಿನ ಸೀಮೆಯ ಸಂಸ್ಥೆಗಳು ಮತ್ತು ಅಂತರರಾಷ್ಟ್ರೀಯ ಪಾವತಿಯ ತೊಡಕುಗಳು

ತುಮಕೂರು ಜಿಲ್ಲೆಯ ತಿಪಟೂರು, ತುರುವೇಕೆರೆ ಮತ್ತು ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳು ತೆಂಗಿನ ತೋಟಗಳಿಂದಲೂ ಉಂಡೆ ಕೊಬ್ಬರಿಯ ವಹಿವಾಟಿನಿಂದಲೂ ಹೆಸರಾದ ಸೀಮೆ. ಕೊಬ್ಬರಿಯ ದುಡ್ಡಿನಲ್ಲಿ ಓದಿ ಬೆಂಗಳೂರು ಸೇರಿದ ಇಲ್ಲಿನ ಕುಟುಂಬಗಳ ಮಕ್ಕಳಲ್ಲಿ ಅನೇಕರು ಅಲ್ಲಿಂದ ಅಮೆರಿಕ, ಬ್ರಿಟನ್, ಸಿಂಗಪುರ, ಆಸ್ಟ್ರೇಲಿಯ ಮತ್ತು ಕೊಲ್ಲಿ ರಾಷ್ಟ್ರಗಳಿಗೆ ಹೋಗಿ ನೆಲೆಸಿದ್ದಾರೆ. ಊರಿನ ದೇವಸ್ಥಾನದ ಜೀರ್ಣೋದ್ಧಾರ, ಮಠದ ದಾಸೋಹ, ಓದಿದ ಶಾಲೆಯ ಕೊಠಡಿ, ಬಡ ವಿದ್ಯಾರ್ಥಿಗಳ ಶುಲ್ಕ ಇಂಥವುಗಳಿಗೆ ಕೈಲಾದಷ್ಟು ಕೊಡಬೇಕೆಂಬ ಆಸೆ ಅವರಲ್ಲಿ ಉಳಿದಿದೆ; ಅದನ್ನು ಪಡೆಯುವ ಅಗತ್ಯ ಊರಿನ ಸಂಸ್ಥೆಗಳಿಗೂ ಇದೆ. ಆದರೆ ಕೊಡುವವರ ಮನಸ್ಸಿಗೂ ಪಡೆಯುವವರ ಖಾತೆಗೂ ನಡುವೆ ಎರಡು ದೇಶಗಳ ಪಾವತಿ ರೂಢಿಗಳು, ಬ್ಯಾಂಕ್ ವ್ಯವಸ್ಥೆಗಳು, ತೆರಿಗೆ ನಿಯಮಗಳು ಮತ್ತು ಪೌರತ್ವದ ಕಾನೂನುಗಳು ನಿಂತಿವೆ. ಈ ತೊಡಕುಗಳು ಯಾವುವು, ಅವುಗಳಲ್ಲಿ ಯಾವುದು ಕೇವಲ ರೂಢಿಯ ವ್ಯತ್ಯಾಸ, ಯಾವುದು ಕಾನೂನಿನ ಕಟ್ಟುಪಾಡು, ಅವನ್ನು ನಿವಾರಿಸುವ ಹೊಣೆ ಯಾರದು ಎಂಬುದನ್ನು ಒಟ್ಟಾರೆಯಾಗಿ ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಊರಿನ ಕೊಡುಕೊಳ್ಳುವ ಪದ್ಧತಿ

ಪಾವತಿಯ ರೂಢಿ ಎಂದರೆ ಹಣ ದಾಟಿಸುವ ತಂತ್ರ ಮಾತ್ರವಲ್ಲ. ಯಾರನ್ನು ನಂಬಬೇಕು, ಕೊಟ್ಟದ್ದಕ್ಕೆ ಸಾಕ್ಷಿ ಯಾವುದು, ಲೆಕ್ಕ ಯಾರಿಗೆ ಒಪ್ಪಿಸಬೇಕು ಎಂಬ ಪ್ರಶ್ನೆಗಳಿಗೆ ಒಂದು ಸಮಾಜ ಕಂಡುಕೊಂಡ ಉತ್ತರವೂ ಹೌದು. ಈ ಸೀಮೆಯಲ್ಲಿ ಅಂಥ ಉತ್ತರಗಳು ಬಹಳ ಹಿಂದಿನಿಂದ ಗಟ್ಟಿಯಾಗಿ ಬೇರೂರಿವೆ. ಸಿಪ್ಪೆ ಸಮೇತ ಅಟ್ಟಕ್ಕೆ ಹಾಕಿದ ಕಾಯಿ ತಿಂಗಳುಗಟ್ಟಲೆ ಒಣಗಿ, ಒಳಗಿನ ತಿರುಳು ಚಿಪ್ಪಿನಿಂದ ಬಿಟ್ಟುಕೊಂಡು ಗಿಟುಕಾದ ಮೇಲೆಯೇ ಅದು ತಿಪಟೂರಿನ ಎಪಿಎಂಸಿ ಮಾರುಕಟ್ಟೆಗೆ ಬರುತ್ತದೆ. ಆದಾಯ ಇಷ್ಟು ತಡವಾಗಿ ಬರುವ ಬೆಳೆಯಲ್ಲಿ ಮಂಡಿಯಿಂದ ಮುಂಗಡ ಪಡೆಯುವುದು, ಮಾಲು ಹಾಕಿದಾಗ ಅದನ್ನು ಮುರಿದುಕೊಂಡು ಉಳಿದದ್ದನ್ನು ಲೆಕ್ಕ ಮಾಡಿಸಿಕೊಳ್ಳುವುದು ಸಹಜವಾಗಿ ಬೆಳೆದುಬಂದ ಪದ್ಧತಿ. ಇದಕ್ಕೆ ವ್ಯತಿರಿಕ್ತವಾಗಿ ನಾಫೆಡ್ ಮೂಲಕ ಬೆಂಬಲ ಬೆಲೆಗೆ ಕೊಬ್ಬರಿ ಖರೀದಿಯಾದಾಗ ಹಣ ನೇರವಾಗಿ ರೈತನ ಬ್ಯಾಂಕ್ ಖಾತೆಗೆ ಬೀಳುತ್ತದೆ. 2024ರ ಹಂಗಾಮಿಗೆ ಉಂಡೆ ಕೊಬ್ಬರಿಗೆ ಕ್ವಿಂಟಲ್‌ಗೆ 12,000 ರೂಪಾಯಿ ಬೆಂಬಲ ಬೆಲೆ ನಿಗದಿಯಾಗಿತ್ತು. ಹೀಗೆ ಒಂದೇ ಮಾರುಕಟ್ಟೆಯಲ್ಲಿ ಮುಖಪರಿಚಯದ ಮೇಲೆ ನಡೆಯುವ ಪಾವತಿಯೂ ದಾಖಲೆಯ ಮೇಲೆ ನಡೆಯುವ ಪಾವತಿಯೂ ಅಕ್ಕಪಕ್ಕದಲ್ಲೇ ಇವೆ.

ದಾನದ ವಿಷಯದಲ್ಲಿಯೂ ಹೀಗೆಯೇ. ಮದುವೆ ಮನೆಯಲ್ಲಿ ಮುಯ್ಯಿ ಬರೆಯುವವರು ಮೇಜಿನ ಮುಂದೆ ಪುಸ್ತಕ ಹಿಡಿದು ಕೂರುತ್ತಾರೆ. ಕೊಟ್ಟವರ ಹೆಸರು, ಊರು, ಮೊತ್ತ ಮೂರನ್ನೂ ಬರೆಯುತ್ತಾರೆ. ಮುಂದೆ ಕೊಟ್ಟವರ ಮನೆಯಲ್ಲಿ ಮದುವೆಯಾದಾಗ ಹಳೆಯ ಪುಸ್ತಕ ತೆಗೆದು ನೋಡಿಯೇ ಮುಯ್ಯಿ ತೀರಿಸಲಾಗುತ್ತದೆ. ದೇವಸ್ಥಾನಕ್ಕೆ ಕೊಡುವ ಕಾಣಿಕೆ 101, 501, 1,001 ಎಂದು ಒಂದು ರೂಪಾಯಿ ಹೆಚ್ಚಿಗೆ ಸೇರಿಸಿಕೊಂಡೇ ಇರುತ್ತದೆ. ಚಂದಾ ಎತ್ತುವ ಸಮಿತಿ ರಸೀದಿ ಪುಸ್ತಕ ಹಿಡಿದು ಮನೆಮನೆಗೆ ಬರುತ್ತದೆ, ದೊಡ್ಡ ದಾನಿಗಳ ಹೆಸರು ಗೋಡೆಯ ಕಲ್ಲಿನ ಮೇಲೆ ಕೆತ್ತಲ್ಪಡುತ್ತದೆ. ದಾನವನ್ನು ಕಲ್ಲಿನಲ್ಲಿ ದಾಖಲಿಸುವ ಈ ಕ್ರಮ ಹೊಸದೇನೂ ಅಲ್ಲ. ಹೊಯ್ಸಳರ ಕಾಲದಲ್ಲಿ ಅಗ್ರಹಾರವಾಗಿ ಬೆಳೆದ ತುರುವೇಕೆರೆಯ ಸುತ್ತಲಿನ ಶಾಸನಗಳೂ ಕೊಟ್ಟವರು ಯಾರು, ಕೊಟ್ಟದ್ದೇನು, ಯಾವ ಸೇವೆಗೆ ಎಂಬುದನ್ನೇ ಹೇಳುತ್ತವೆ. ಇಂದು ಈ ಎಲ್ಲ ಪದ್ಧತಿಗಳ ಜೊತೆಗೆ 2016ರಲ್ಲಿ ಆರಂಭವಾದ ಯುಪಿಐ ಸೇರಿಕೊಂಡು, ಎಳನೀರು ಮಾರುವವರಿಂದ ದೇವಸ್ಥಾನದ ಹುಂಡಿಯವರೆಗೆ ಕ್ಯೂಆರ್ ಚೀಟಿ ಅಂಟಿಕೊಂಡಿದೆ.

ದೇಶಕ್ಕೊಂದು ರೂಢಿ

ಹೊರದೇಶಗಳಲ್ಲಿರುವ ದಾನಿಗಳು ಬಳಸುವ ಸಾಧನಗಳು ಇದಕ್ಕಿಂತ ತೀರ ಭಿನ್ನ. ಅಮೆರಿಕದಲ್ಲಿ ಧರ್ಮಕಾರ್ಯಕ್ಕೆ ಚೆಕ್ ಬರೆದು ಅಂಚೆಯಲ್ಲಿ ಕಳಿಸುವುದು ಇಂದಿಗೂ ಮಾನ್ಯವಾದ ಪದ್ಧತಿ. ಡೆನ್ಮಾರ್ಕ್, ನ್ಯೂಜಿಲೆಂಡ್‌ನಂಥ ದೇಶಗಳಲ್ಲಿ ಚೆಕ್ ಸಂಪೂರ್ಣವಾಗಿ ನಿಂತುಹೋಗಿದೆ. ಯುರೋಪಿನಲ್ಲಿ ಐಬ್ಯಾನ್ ಎಂಬ ಏಕರೂಪದ ಖಾತೆ ಸಂಖ್ಯೆಯ ಮೂಲಕ ಖಾತೆಯಿಂದ ಖಾತೆಗೆ ಹಣ ವರ್ಗಾಯಿಸುವುದು ವಾಡಿಕೆ. ಕೊಲ್ಲಿ ರಾಷ್ಟ್ರಗಳ ಕಾರ್ಮಿಕರು ಎಕ್ಸ್‌ಚೇಂಜ್ ಹೌಸ್ ಎನ್ನಲಾಗುವ ಹಣ ವಿನಿಮಯ ಅಂಗಡಿಗಳನ್ನು ನಂಬಿದ್ದಾರೆ. ಕೀನ್ಯಾದಲ್ಲಿ 2007ರಿಂದ ಎಂಪೆಸಾ, ಬ್ರೆಜಿಲ್‌ನಲ್ಲಿ 2020ರಿಂದ ಪಿಕ್ಸ್ ಎಂಬ ಮೊಬೈಲ್ ಪಾವತಿ ವ್ಯವಸ್ಥೆಗಳು ನೆಲೆಯೂರಿವೆ. ಇವುಗಳಲ್ಲಿ ಹೆಚ್ಚಿನವು ತಮ್ಮ ವಲಯದೊಳಗೆ ಸರಾಗವಾಗಿ ನಡೆಯುತ್ತವೆ. ಗಡಿ ಬಂದ ಕೂಡಲೇ ನಿಲ್ಲುತ್ತವೆ.

ಈ ನಿಲುಗಡೆ ಹೇಗೆ ಸಂಭವಿಸುತ್ತದೆ ಎಂಬುದನ್ನು ಒಂದು ಸಾಮಾನ್ಯ ಸಂದರ್ಭದಲ್ಲಿ ಹತ್ತಿರದಿಂದ ನೋಡಬಹುದು. ರಥೋತ್ಸವದ ಕರಪತ್ರವನ್ನು ಸಮಿತಿಯವರು ವಾಟ್ಸ್‌ಆ್ಯಪ್‌ನಲ್ಲಿ ಹಂಚುತ್ತಾರೆ; ಅದರಲ್ಲಿ ಕ್ಯೂಆರ್ ಚಿತ್ರವೊಂದೇ ಇರುತ್ತದೆ. ಹೊರದೇಶದ ಬ್ಯಾಂಕಿನ ಆ್ಯಪ್ ಅದನ್ನು ಗುರುತಿಸುವುದಿಲ್ಲ. ದಾನಿ ಖಾತೆ ವಿವರ ಕೇಳಿದಾಗ ಖಜಾಂಚಿ ಖಾತೆ ಸಂಖ್ಯೆಯನ್ನೂ, ಭಾರತದೊಳಗೆ ಬ್ಯಾಂಕ್ ಶಾಖೆಯನ್ನು ಗುರುತಿಸುವ ಹನ್ನೊಂದು ಅಕ್ಷರಾಂಕಿಗಳ ಐಎಫ್‌ಎಸ್‌ಸಿ ಸಂಕೇತವನ್ನೂ ಕಳಿಸುತ್ತಾರೆ. ಆದರೆ ದಾನಿಯ ಬ್ಯಾಂಕಿಗೆ ಬೇಕಾದದ್ದು ಸ್ವಿಫ್ಟ್ ಸಂಕೇತ, ಅಂದರೆ 1973ರಲ್ಲಿ ಬೆಲ್ಜಿಯಂನಲ್ಲಿ ಸ್ಥಾಪನೆಯಾದ, ಬ್ಯಾಂಕುಗಳ ನಡುವೆ ಪಾವತಿ ಸಂದೇಶ ಒಯ್ಯುವ ಸಹಕಾರಿ ಸಂಸ್ಥೆ ಕೊಡುವ ಗುರುತು. ತಾಲ್ಲೂಕಿನ ಶಾಖೆಗಳಿಗೆ ಸಾಮಾನ್ಯವಾಗಿ ಪ್ರತ್ಯೇಕ ಸ್ವಿಫ್ಟ್ ಸಂಕೇತವಿರುವುದಿಲ್ಲ. ಅದೇ ಬ್ಯಾಂಕಿನ ವಿದೇಶಿ ವಿನಿಮಯ ನೋಡಿಕೊಳ್ಳುವ ದೊಡ್ಡ ಶಾಖೆಯ ಸಂಕೇತವನ್ನು ಬಳಸಬೇಕಾಗುತ್ತದೆ. ಯುರೋಪಿನ ಅರ್ಜಿಯಲ್ಲಿ ಐಬ್ಯಾನ್‌ಗೆ ಮೀಸಲಾದ ಚೌಕ ಖಾಲಿ ಉಳಿಯುತ್ತದೆ, ಏಕೆಂದರೆ ಭಾರತ ಆ ಪದ್ಧತಿಗೆ ಸೇರಿಲ್ಲ. ಪಾಸ್‌ಬುಕ್ಕಿನಲ್ಲಿ ಸಮಿತಿಯ ಹೆಸರು ಒಂದು ರೀತಿ, ಕರಪತ್ರದಲ್ಲಿ ಇನ್ನೊಂದು ರೀತಿ ಇದ್ದರೆ ಹಣ ವಾರಗಟ್ಟಲೆ ತಡೆಯಲ್ಪಟ್ಟು ವಾಪಸು ಹೋಗಲೂಬಹುದು. ಇಷ್ಟರಲ್ಲಿ ರಥೋತ್ಸವ ಮುಗಿದಿರುತ್ತದೆ.

ಈ ಅಂತರವನ್ನು ತುಂಬುವ ಪ್ರಯತ್ನಗಳು ನಡೆದಿಲ್ಲವೆಂದಲ್ಲ. 2023ರ ಜನವರಿಯಲ್ಲಿ ಅಮೆರಿಕ, ಬ್ರಿಟನ್, ಸಿಂಗಪುರ, ಯುಎಇ ಸೇರಿದಂತೆ ಹತ್ತು ದೇಶಗಳ ಮೊಬೈಲ್ ಸಂಖ್ಯೆಗಳನ್ನು ಅನಿವಾಸಿ ಭಾರತೀಯರ ಭಾರತೀಯ ಬ್ಯಾಂಕ್ ಖಾತೆಗಳಿಗೆ ಜೋಡಿಸಿ ಯುಪಿಐ ಬಳಸಲು ಅವಕಾಶ ದೊರೆಯಿತು. ಮರುತಿಂಗಳೇ ಸಿಂಗಪುರದ ಪೇನೌ ವ್ಯವಸ್ಥೆಗೂ ಯುಪಿಐಗೂ ಸಂಪರ್ಕ ಕಲ್ಪಿಸಲಾಯಿತು. ಇವು ವ್ಯಕ್ತಿ ವ್ಯಕ್ತಿಗೆ ಹಣ ಕಳಿಸುವುದನ್ನು ಸುಲಭವಾಗಿಸಿವೆ. ಸಂಸ್ಥೆಗೆ ದಾನ ಕೊಡುವ ಪ್ರಶ್ನೆ ಮಾತ್ರ ತಂತ್ರಜ್ಞಾನದಿಂದಲೇ ಬಗೆಹರಿಯುವಂಥದ್ದಲ್ಲ.

ಹಾದಿಯ ಖರ್ಚು

ಹೊರದೇಶಗಳಿಂದ ಸ್ವದೇಶಕ್ಕೆ ಅತಿ ಹೆಚ್ಚು ಹಣ ಪಡೆಯುವ ದೇಶ ಭಾರತ; ವಿಶ್ವಬ್ಯಾಂಕಿನ ಅಂದಾಜಿನಂತೆ 2024ರಲ್ಲಿ ಸುಮಾರು 129 ಬಿಲಿಯನ್ ಡಾಲರ್ ಬಂದಿದೆ. ರಿಸರ್ವ್ ಬ್ಯಾಂಕಿನ ಸಮೀಕ್ಷೆ ತೋರಿಸುವಂತೆ 2023-24ರಲ್ಲಿ ಈ ಹಣದಲ್ಲಿ ಅಮೆರಿಕದ ಪಾಲು ಶೇ 27.7ಕ್ಕೆ ಏರಿದೆ, ಕರ್ನಾಟಕಕ್ಕೆ ತಲುಪಿದ ಪಾಲು ಶೇ 7.7. ಮೊತ್ತ ಇಷ್ಟು ದೊಡ್ಡದಾದರೂ ಸಣ್ಣ ಕಾಣಿಕೆಗೆ ಹಾದಿ ದುಬಾರಿಯಾಗಿಯೇ ಉಳಿದಿದೆ. ಅಮೆರಿಕದ ದೊಡ್ಡ ಬ್ಯಾಂಕುಗಳಲ್ಲಿ ಹೊರದೇಶಕ್ಕೆ ಒಂದು ವೈರ್ ವರ್ಗಾವಣೆಗೆ 40ರಿಂದ 50 ಡಾಲರ್ ಶುಲ್ಕವಿರುವುದು ಸಾಮಾನ್ಯ. ಅದಲ್ಲದೆ ನಡುವಿನ ಬ್ಯಾಂಕು ತನ್ನ ಪಾಲು ಕಡಿದುಕೊಳ್ಳಬಹುದು, ವಿನಿಮಯ ದರದಲ್ಲಿ ಕಣ್ಣಿಗೆ ಕಾಣದ ಕಡಿತವೂ ಇರಬಹುದು. ಶುಲ್ಕವನ್ನು ಕಳಿಸುವವರೇ ಭರಿಸುವ, ಇಬ್ಬರೂ ಹಂಚಿಕೊಳ್ಳುವ, ಪಡೆಯುವವರೇ ಭರಿಸುವ ಮೂರು ಆಯ್ಕೆಗಳು ಅರ್ಜಿಯಲ್ಲಿ ಇರುತ್ತವಾದರೂ ದಾನಿಗಳು ಅವನ್ನು ಗಮನಿಸುವುದು ಅಪರೂಪ. ಪರಿಣಾಮವಾಗಿ 5,001 ರೂಪಾಯಿ ಸೇವೆಗೆಂದು ಸಂಕಲ್ಪಿಸಿ ಕಳಿಸಿದ ಹಣ ಖಾತೆಗೆ ಬೀಳುವಾಗ ನಾಲ್ಕು ಸಾವಿರ ಚಿಲ್ಲರೆಯಾಗಿರುತ್ತದೆ. ರಸೀದಿಯಲ್ಲಿ ಬರೆಯಬೇಕಾದದ್ದು ದಾನಿ ಕೊಟ್ಟ ಮೊತ್ತವೋ ಖಾತೆಗೆ ಬಂದ ಮೊತ್ತವೋ ಎಂಬ ಗೊಂದಲ ಲೆಕ್ಕ ಬರೆಯುವವರಿಗೆ ಎದುರಾಗುತ್ತದೆ.

ಕಡಿಮೆ ಶುಲ್ಕದ ಹಾದಿಗಳಿವೆ. ಆದರೆ ಅವು ಬಹುಮಟ್ಟಿಗೆ ಕುಟುಂಬದವರಿಗೆ ಹಣ ಕಳಿಸಲು ರೂಪುಗೊಂಡಂಥವು. ಅಂಚೆ ಕಚೇರಿಯಲ್ಲೋ ಏಜೆಂಟರ ಬಳಿಯೋ ನಗದು ಪಡೆಯಲು ಅನುವು ಮಾಡುವ ಹಣ ವರ್ಗಾವಣೆ ಸೇವಾ ಯೋಜನೆಯಲ್ಲಿ ಒಂದು ಬಾರಿಗೆ 2,500 ಡಾಲರ್ ಮಿತಿಯಿದ್ದು, ಧರ್ಮದತ್ತಿ ಸಂಸ್ಥೆಗಳಿಗೆ ದಾನ ಕಳಿಸಲು ಅದನ್ನು ಬಳಸುವಂತಿಲ್ಲವೆಂದು ರಿಸರ್ವ್ ಬ್ಯಾಂಕಿನ ನಿಯಮ ಸ್ಪಷ್ಟವಾಗಿ ಹೇಳುತ್ತದೆ. ಹೊರದೇಶದಿಂದ ಬರುವ ಪ್ರತಿ ಪಾವತಿಗೂ ಅದರ ಉದ್ದೇಶವನ್ನು ಸೂಚಿಸುವ ಸಂಕೇತವೊಂದನ್ನು ಬ್ಯಾಂಕು ನಮೂದಿಸಬೇಕು. ಮನೆ ಖರ್ಚು, ವೈಯಕ್ತಿಕ ಉಡುಗೊರೆ, ಧಾರ್ಮಿಕ ಮತ್ತು ಧರ್ಮಾರ್ಥ ಸಂಸ್ಥೆಗೆ ದಾನ ಇವುಗಳಿಗೆ ಬೇರೆ ಬೇರೆ ಸಂಕೇತಗಳಿವೆ. ದಾನವನ್ನು ಮನೆ ಖರ್ಚೆಂದು ತೋರಿಸಿ ಕಳಿಸುವುದು ಮೇಲ್ನೋಟಕ್ಕೆ ಸುಲಭದ ದಾರಿ. ಮುಂದೆ ಲೆಕ್ಕ ಪರಿಶೋಧನೆಯಲ್ಲಿ ಸಂಸ್ಥೆಗೇ ಅದು ಉರುಳಾಗಬಹುದು. ಕಳಿಸುವ ಸಾಧನವೇ ತೆರಿಗೆಯನ್ನು ನಿರ್ಧರಿಸುವ ಉದಾಹರಣೆಯೂ ಇದೆ: 2026ರ ಜನವರಿಯಿಂದ ಅಮೆರಿಕದಲ್ಲಿ ನಗದು ಅಥವಾ ಮನಿ ಆರ್ಡರ್ ಕೊಟ್ಟು ಹೊರದೇಶಕ್ಕೆ ಹಣ ಕಳಿಸಿದರೆ ಶೇ 1ರಷ್ಟು ತೆರಿಗೆ ಬೀಳುತ್ತದೆ, ಅಲ್ಲಿನ ಬ್ಯಾಂಕ್ ಖಾತೆಯಿಂದ ಕಳಿಸಿದರೆ ಬೀಳುವುದಿಲ್ಲ.

ಪಾಸ್‌ಪೋರ್ಟ್ ನಿರ್ಧರಿಸುವ ದಾನ

ಇದುವರೆಗಿನ ತೊಡಕುಗಳು ತಿಳಿವಳಿಕೆಯಿಂದ ಸರಿಹೋಗುವಂಥವು. ವಿದೇಶಿ ದೇಣಿಗೆ (ನಿಯಂತ್ರಣ) ಕಾಯ್ದೆಯ ತೊಡಕು ಆ ಬಗೆಯದಲ್ಲ. ಮೊದಲು 1976ರಲ್ಲಿ ಬಂದು, 2010ರಲ್ಲಿ ಹೊಸದಾಗಿ ರೂಪುಗೊಂಡ ಈ ಕಾಯ್ದೆಯ ಪ್ರಕಾರ ಸಾಂಸ್ಕೃತಿಕ, ಆರ್ಥಿಕ, ಶೈಕ್ಷಣಿಕ, ಧಾರ್ಮಿಕ ಅಥವಾ ಸಾಮಾಜಿಕ ಕೆಲಸ ಮಾಡುವ ಯಾವ ಸಂಸ್ಥೆಯೂ ಕೇಂದ್ರ ಗೃಹ ಸಚಿವಾಲಯದ ನೋಂದಣಿ ಅಥವಾ ಪೂರ್ವಾನುಮತಿ ಇಲ್ಲದೆ ವಿದೇಶಿ ದೇಣಿಗೆ ಪಡೆಯುವಂತಿಲ್ಲ. ಇಲ್ಲಿ ವಿದೇಶಿ ಎಂಬುದು ಹಣದ ಗುಣವಲ್ಲ, ಕೊಡುವವರ ಪೌರತ್ವದ ಗುಣ. ಭಾರತದ ಪಾಸ್‌ಪೋರ್ಟ್ ಉಳಿಸಿಕೊಂಡ ಅನಿವಾಸಿ ತಮ್ಮ ಸ್ವಂತ ಉಳಿತಾಯದಿಂದ ಬ್ಯಾಂಕ್ ಮೂಲಕ ಡಾಲರ್‌ನಲ್ಲಿಯೇ ಕಳಿಸಿದರೂ ಅದು ವಿದೇಶಿ ದೇಣಿಗೆಯಾಗುವುದಿಲ್ಲ. ಅಮೆರಿಕದ ಪೌರತ್ವ ಪಡೆದವರು ರೂಪಾಯಿಯಲ್ಲಿಯೇ ಕೊಟ್ಟರೂ ಅದು ವಿದೇಶಿ ದೇಣಿಗೆಯೇ. ಭಾರತದಲ್ಲಿ ಉಭಯ ಪೌರತ್ವಕ್ಕೆ ಅವಕಾಶವಿಲ್ಲ. 2005ರಿಂದ ಜಾರಿಯಲ್ಲಿರುವ ಸಾಗರೋತ್ತರ ಭಾರತೀಯ ಪೌರ ಕಾರ್ಡು, ಅಂದರೆ ಒಸಿಐ, ಹೆಸರಿನಲ್ಲಿ ಪೌರತ್ವ ಹೊಂದಿದ್ದರೂ ಕಾನೂನಿನ ದೃಷ್ಟಿಯಲ್ಲಿ ಪೌರತ್ವವಲ್ಲ.

ಇದರ ಫಲಿತಾಂಶ ತೆಂಗಿನ ಸೀಮೆಯಲ್ಲಿ ಹೇಗೆ ಕಾಣುತ್ತದೆ ಎಂಬುದನ್ನು ಗಮನಿಸಬೇಕು. ಒಸಿಐ ಕಾರ್ಡುದಾರರು ಕೃಷಿ ಭೂಮಿ ಖರೀದಿಸುವಂತಿಲ್ಲ, ಆದರೆ ಪಿತ್ರಾರ್ಜಿತವಾಗಿ ಬಂದದ್ದನ್ನು ಇಟ್ಟುಕೊಳ್ಳಬಹುದು. ತುರುವೇಕೆರೆ ತಾಲ್ಲೂಕಿನಲ್ಲಿ ತಂದೆಯಿಂದ ಬಂದ ತೋಟದ ಕೊಬ್ಬರಿ ತಿಪಟೂರಿನಲ್ಲಿ ಮಾರಾಟವಾಗಿ, ಅದರ ಹಣ ಅನಿವಾಸಿಗಳ ಭಾರತದೊಳಗಿನ ಆದಾಯಕ್ಕೆಂದೇ ಇರುವ ಎನ್‌ಆರ್‌ಒ ಖಾತೆಗೆ ತಾಲ್ಲೂಕಿನ ಶಾಖೆಯಲ್ಲಿಯೇ ಜಮೆಯಾಯಿತೆಂದು ಭಾವಿಸೋಣ. ಆ ಹಣದಲ್ಲಿ ತೋಟದ ಒಡೆಯರು ಊರಿನ ಟ್ರಸ್ಟ್ ನಡೆಸುವ ಶಾಲೆಗೆ ಹತ್ತು ಬೆಂಚು ಮಾಡಿಸಿಕೊಡಲು ದಾನ ಕೊಟ್ಟರೆ, ಜಿಲ್ಲೆಯ ಗಡಿಯನ್ನೂ ದಾಟದ ಆ ರೂಪಾಯಿ ವಿದೇಶಿ ದೇಣಿಗೆ ಎನಿಸುತ್ತದೆ. ಅದನ್ನು ತಮ್ಮನ ಖಾತೆಗೆ ಹಾಕಿ ತಮ್ಮನ ಕೈಯಿಂದ ಕೊಡಿಸಿದರೂ ದೋಷ ತಪ್ಪುವುದಿಲ್ಲ, ಏಕೆಂದರೆ ವಿದೇಶಿ ಮೂಲದಿಂದ ನೇರವಾಗಿ ಅಥವಾ ಬೇರೆಯವರ ಮೂಲಕ ಪಡೆದದ್ದನ್ನು ದಾಟಿಸಿದರೂ ಅದು ವಿದೇಶಿ ದೇಣಿಗೆಯೇ ಎಂದು ಕಾಯ್ದೆಯ ವಿವರಣೆಯಲ್ಲಿ ಹೇಳಿದೆ.

ನೋಂದಣಿ ಪಡೆಯುವುದೂ ಸಣ್ಣ ಸಂಸ್ಥೆಗೆ ಸುಲಭವಲ್ಲ. ಸಂಸ್ಥೆಗೆ ಮೂರು ವರ್ಷ ತುಂಬಿರಬೇಕು, ಆ ಮೂರು ವರ್ಷಗಳಲ್ಲಿ ಮುಖ್ಯ ಉದ್ದೇಶಗಳಿಗೆ ಕನಿಷ್ಠ 15 ಲಕ್ಷ ರೂಪಾಯಿ ಖರ್ಚಾಗಿರಬೇಕು. 2020ರ ತಿದ್ದುಪಡಿಯ ನಂತರ ಇಂಥ ದೇಣಿಗೆ ಮೊದಲು ಬರಬೇಕಾದದ್ದು ಭಾರತೀಯ ಸ್ಟೇಟ್ ಬ್ಯಾಂಕಿನ ನವದೆಹಲಿ ಮುಖ್ಯ ಶಾಖೆಯ ಖಾತೆಗೆ. ಅಲ್ಲಿಂದ ಊರಿನ ಖಾತೆಗೆ ತರಿಸಿಕೊಳ್ಳಬಹುದು. ಅದೇ ತಿದ್ದುಪಡಿ ಆಡಳಿತ ವೆಚ್ಚದ ಮಿತಿಯನ್ನು ಶೇ 50ರಿಂದ 20ಕ್ಕೆ ಇಳಿಸಿತು ಮತ್ತು ಒಂದು ಸಂಸ್ಥೆ ತಾನು ಪಡೆದ ವಿದೇಶಿ ದೇಣಿಗೆಯನ್ನು ಇನ್ನೊಂದು ಸಂಸ್ಥೆಗೆ ವರ್ಗಾಯಿಸುವುದನ್ನು ನಿಷೇಧಿಸಿತು. ಹಿಂದೆ ಬೆಂಗಳೂರಿನ ದೊಡ್ಡ ಸಂಸ್ಥೆಯೊಂದು ದೇಣಿಗೆ ಪಡೆದು, ನೋಂದಣಿ ಅಥವಾ ಅನುಮತಿ ಇದ್ದ ಗ್ರಾಮೀಣ ಸಂಸ್ಥೆಗಳಿಗೆ ಹಂಚಬಹುದಾಗಿತ್ತು. ಆ ಕವಲು ದಾರಿ ಈಗ ಮುಚ್ಚಿದೆ. 2022ರ ಏಪ್ರಿಲ್‌ನಲ್ಲಿ ನೋಯೆಲ್ ಹಾರ್ಪರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಈ ತಿದ್ದುಪಡಿಗಳ ಪ್ರಮುಖ ಅಂಶಗಳನ್ನು ಎತ್ತಿಹಿಡಿದು, ವಿದೇಶಿ ದೇಣಿಗೆ ಪಡೆಯುವುದು ನಿರಪೇಕ್ಷ ಹಕ್ಕಲ್ಲ ಎಂದು ಹೇಳಿತು. ಹೊರಗಿನ ಹಣ ದೇಶದ ಸಾರ್ವಜನಿಕ ಜೀವನವನ್ನು ತಿದ್ದಬಾರದೆಂಬ ಕಾಳಜಿ ನ್ಯಾಯವಾದದ್ದೇ. ಅದನ್ನು ಹಗುರವಾಗಿ ಕಾಣುವಂತಿಲ್ಲ.

ತೆರಿಗೆ: ಎರಡು ದೇಶ, ಎರಡು ಲೆಕ್ಕ

ದಾನಕ್ಕೆ ತೆರಿಗೆ ರಿಯಾಯಿತಿ ಕೊಡುವ ರೂಢಿ ಅನೇಕ ದೇಶಗಳಲ್ಲಿದೆ. ಆದರೆ ಆ ರಿಯಾಯಿತಿ ಸಾಮಾನ್ಯವಾಗಿ ಆಯಾ ದೇಶದ ಸಂಸ್ಥೆಗೆ ಕೊಟ್ಟ ದಾನಕ್ಕೆ ಮಾತ್ರ. ಅಮೆರಿಕದಲ್ಲಿ 501(ಸಿ)(3) ಎಂಬ ತೆರಿಗೆ ವಿಧಿಯಡಿ ಮಾನ್ಯತೆ ಪಡೆದ ಅಲ್ಲಿನ ಸಂಸ್ಥೆಗೆ ಕೊಟ್ಟರಷ್ಟೇ ದಾನಿಗೆ ಲಾಭ. ತಿಪಟೂರಿನ ಟ್ರಸ್ಟ್‌ಗೆ ನೇರವಾಗಿ ಕಳಿಸಿದ್ದು ಅಲ್ಲಿನ ಲೆಕ್ಕಕ್ಕೆ ಬರುವುದಿಲ್ಲ. ಉದ್ಯೋಗಿ ಕೊಟ್ಟಷ್ಟೇ ಮೊತ್ತವನ್ನು ಕಂಪನಿಯೂ ಸೇರಿಸಿ ಕೊಡುವ ಸರಿಸಮ ದೇಣಿಗೆ ಪದ್ಧತಿಯೂ ಸಾಮಾನ್ಯವಾಗಿ ಇಂಥ ಮಾನ್ಯತೆಯನ್ನೇ ಕೇಳುತ್ತದೆ. ಬ್ರಿಟನ್ನಿನಲ್ಲಿ 1990ರಲ್ಲಿ ಆರಂಭವಾದ ಗಿಫ್ಟ್ ಏಡ್ ಯೋಜನೆಯಂತೆ ದಾನಿ ಕೊಟ್ಟ ಪ್ರತಿ ಪೌಂಡಿಗೆ 25 ಪೆನ್ಸನ್ನು ಅಲ್ಲಿನ ಸಂಸ್ಥೆ ಸರ್ಕಾರದಿಂದ ಪಡೆಯುತ್ತದೆ. ಭಾರತದಲ್ಲಿ 80ಜಿ ಎಂದೇ ಜನ ಗುರುತಿಸುವ ರಿಯಾಯಿತಿಯಿದ್ದು, 2,000 ರೂಪಾಯಿಗೆ ಮೀರಿದ ನಗದು ದಾನಕ್ಕೆ ಅದು ಸಿಗುವುದಿಲ್ಲ.

ಈ ಕಾರಣದಿಂದ ಹೊರನಾಡ ಕನ್ನಡಿಗರು ಮತ್ತು ಭಾರತೀಯರು ಅಲ್ಲಿಯೇ ನೋಂದಾಯಿತ ಸಂಸ್ಥೆಗಳನ್ನು ಕಟ್ಟಿ, ಅವುಗಳ ಮೂಲಕ ಭಾರತದ ನೋಂದಾಯಿತ ಸಂಸ್ಥೆಗಳಿಗೆ ನೆರವು ಕಳಿಸುವ ಮಾರ್ಗ ಹಿಡಿದಿದ್ದಾರೆ. 1991ರಲ್ಲಿ ಬರ್ಕ್ಲಿಯಲ್ಲಿ ಆರಂಭವಾದ ಆಶಾ ಫಾರ್ ಎಜುಕೇಶನ್ ಇದಕ್ಕೆ ಹೆಸರಾದ ಉದಾಹರಣೆ. ಈ ಮಾರ್ಗ ಕ್ರಮಬದ್ಧವಾದದ್ದು, ಆದರೆ ಎರಡೂ ತುದಿಯಲ್ಲಿ ನೋಂದಣಿ, ಲೆಕ್ಕ ಪರಿಶೋಧನೆ, ವಾರ್ಷಿಕ ವರದಿ ಬೇಡುತ್ತದೆ. ಐದು ಸಾವಿರ ರೂಪಾಯಿಯ ಕಾಣಿಕೆಗೆ ಅದು ಭಾರ.

ವ್ಯಾಪಾರಕ್ಕೆ ದೊರೆತ ಒಪ್ಪಂದ

ಪಾವತಿ ರೂಢಿಗಳ ಭಿನ್ನತೆ ವ್ಯಾಪಾರವನ್ನೂ ಕಾಡಿತ್ತು. ತೆಂಗಿನ ನಾರು, ನಾರಿನ ಪುಡಿ, ಚಿಪ್ಪಿನ ಇದ್ದಿಲುಗಳನ್ನು ಹೊರದೇಶಕ್ಕೆ ಕಳಿಸುವವರಿಗೆ ಮಾಲು ಹೋದ ಮೇಲೆ ಹಣ ಬಾರದಿದ್ದರೆ ಎಂಬ ಭಯ. ಕೊಳ್ಳುವವರಿಗೆ ಹಣ ಕೊಟ್ಟ ಮೇಲೆ ಮಾಲು ಬಾರದಿದ್ದರೆ ಎಂಬ ಭಯ. ಇದಕ್ಕೆ ಲೆಟರ್ ಆಫ್ ಕ್ರೆಡಿಟ್, ಅಂದರೆ ಗೊತ್ತುಪಡಿಸಿದ ದಾಖಲೆಗಳನ್ನು ಒಪ್ಪಿಸಿದ ಕೂಡಲೇ ಹಣ ಕೊಡುವುದಾಗಿ ಕೊಳ್ಳುವವರ ಬ್ಯಾಂಕು ಬರೆದುಕೊಡುವ ಭರವಸೆ, ಪರಿಹಾರವಾಯಿತು. ಅದಕ್ಕೆ ಜಗತ್ತಿನೆಲ್ಲೆಡೆ ಅನ್ವಯವಾಗುವ ಏಕರೂಪ ನಿಯಮಗಳನ್ನು ಅಂತರರಾಷ್ಟ್ರೀಯ ವಾಣಿಜ್ಯ ಮಂಡಳಿ 1933ರಲ್ಲಿ ಮೊದಲು ಪ್ರಕಟಿಸಿತು. ಈಗ ಬಳಕೆಯಲ್ಲಿರುವ ಆವೃತ್ತಿ 2007ರಿಂದ ಜಾರಿಯಲ್ಲಿದೆ. ಮುಖ ನೋಡದ ಇಬ್ಬರು ವರ್ತಕರು ಒಂದೇ ನಿಯಮಕ್ಕೆ ಒಪ್ಪಿ ನಡೆಯಬಲ್ಲರೆಂಬುದಕ್ಕೆ ಇದು ಸಾಕ್ಷಿ. ದಾನಕ್ಕೆ ಇಂಥ ಏಕರೂಪ ವ್ಯವಸ್ಥೆಯೊಂದು ಇನ್ನೂ ಮೂಡಿಲ್ಲ. ಹಣ ಕಳಿಸುವ ವೆಚ್ಚವನ್ನು ತಗ್ಗಿಸುವ ಗುರಿಯನ್ನಾದರೂ ವಿಶ್ವಸಂಸ್ಥೆ ಇಟ್ಟುಕೊಂಡಿದೆ: 2030ರೊಳಗೆ ವಲಸಿಗರು ಸ್ವದೇಶಕ್ಕೆ ಹಣ ಕಳಿಸುವ ವೆಚ್ಚ ಶೇ 3ಕ್ಕಿಂತ ಕೆಳಗಿಳಿಯಬೇಕೆಂಬುದು ಸುಸ್ಥಿರ ಅಭಿವೃದ್ಧಿ ಗುರಿಗಳಲ್ಲೊಂದು.

ಹೊಣೆ ಯಾರದು

ಈ ಸಮೀಕ್ಷೆಯಿಂದ ತಿಳಿದುಬರುವುದೇನೆಂದರೆ, ದಾನಿಯ ಉದಾರತೆಯ ಕೊರತೆಗಿಂತ ದಾರಿಯ ಅಸ್ಪಷ್ಟತೆಯೇ ದೊಡ್ಡ ಅಡ್ಡಿ, ಮತ್ತು ಅದನ್ನು ನಿವಾರಿಸುವ ಮೊದಲ ಹೊಣೆ ಪಡೆಯುವ ಸಂಸ್ಥೆಯದು. ಕರಪತ್ರದಲ್ಲಿ ಕ್ಯೂಆರ್ ಚಿತ್ರದ ಕೆಳಗೆ ಮೂರು ಸಾಲು ಬರೆಯುವುದು ಕಷ್ಟವಲ್ಲ: ಭಾರತದಲ್ಲಿರುವವರು ಯಾವ ಖಾತೆಗೆ ಕೊಡಬೇಕು, ಭಾರತದ ಪಾಸ್‌ಪೋರ್ಟ್ ಹೊಂದಿದ ಅನಿವಾಸಿಗಳು ಯಾವ ಖಾತೆಗೆ, ಯಾವ ಸ್ವಿಫ್ಟ್ ಸಂಕೇತದೊಂದಿಗೆ ಕಳಿಸಬೇಕು, ವಿದೇಶಿ ಪೌರತ್ವ ಪಡೆದವರಿಂದ ಸಂಸ್ಥೆ ಸ್ವೀಕರಿಸಬಹುದೇ ಇಲ್ಲವೇ. ಅನಿವಾಸಿ ದಾನಿಯ ಪೌರತ್ವವನ್ನು ದೃಢಪಡಿಸಿಕೊಂಡು ಅದರ ದಾಖಲೆ ಇಟ್ಟುಕೊಳ್ಳಬೇಕು. ಬಂದ ಮೊತ್ತವನ್ನೂ ಶುಲ್ಕದ ಕಡಿತವನ್ನೂ ಬೇರೆಬೇರೆಯಾಗಿ ತೋರಿಸಿ ರಸೀದಿ ಕೊಡಬೇಕು. ಮುಯ್ಯಿ ಪುಸ್ತಕದಲ್ಲಿ ಒಂದು ರೂಪಾಯಿಯನ್ನೂ ಬಿಡದೆ ಬರೆಯುವ ಜನರಿಗೆ ಈ ಶಿಸ್ತು ಹೊರಗಿನಿಂದ ಕಲಿಯಬೇಕಾದದ್ದಲ್ಲ. ಎರಡನೆಯ ಹೊಣೆ ಬ್ಯಾಂಕುಗಳದು: ತಾಲ್ಲೂಕು ಕೇಂದ್ರದ ಶಾಖೆಯಲ್ಲಿ ಹೊರದೇಶದ ಪಾವತಿಯ ನಿಯಮ ಬಲ್ಲ ಒಬ್ಬ ಸಿಬ್ಬಂದಿಯಾದರೂ ಇರಬೇಕು, ಮಾಹಿತಿ ಕನ್ನಡದಲ್ಲಿ ಸಿಗಬೇಕು.

ಮೂರನೆಯದು ಶಾಸನ ಮಾಡುವವರ ಹೊಣೆ. ಹೊರದೇಶದ ಪೌರತ್ವ ಪಡೆದ ಅಣ್ಣ ಊರಿನಲ್ಲಿರುವ ತಮ್ಮನಿಗೆ ವರ್ಷಕ್ಕೆ 10 ಲಕ್ಷ ರೂಪಾಯಿವರೆಗೆ ಕಳಿಸಿದರೆ ತಮ್ಮ ಸರ್ಕಾರಕ್ಕೆ ತಿಳಿಸಬೇಕಾದ ಅಗತ್ಯವೂ ಇಲ್ಲದಂತೆ 2022ರ ಜುಲೈನಲ್ಲಿ ನಿಯಮ ಸಡಿಲವಾಯಿತು. ಅದಕ್ಕೆ ಮೊದಲು ಈ ಮಿತಿ 1 ಲಕ್ಷವಿತ್ತು. ರಕ್ತಸಂಬಂಧಕ್ಕೆ ಇಷ್ಟು ವಿಶ್ವಾಸ ತೋರಿದ ಕಾನೂನು, ಅದೇ ವ್ಯಕ್ತಿ ತಾನು ಅಕ್ಷರ ಕಲಿತ ಶಾಲೆಗೆ ಕೊಡುವ ಸಾವಿರ ರೂಪಾಯಿಗೆ ನೋಂದಣಿ, ಪೂರ್ವಾನುಮತಿ, ದೆಹಲಿಯ ಖಾತೆ ಎಲ್ಲವನ್ನೂ ಕೇಳುತ್ತದೆ. ಕಾಯ್ದೆಯ ಉದ್ದೇಶಕ್ಕೆ ಭಂಗ ಬಾರದಂತೆ, ಒಸಿಐ ಕಾರ್ಡು ಹೊಂದಿದವರು ಶಾಲೆ, ಆಸ್ಪತ್ರೆ, ಗ್ರಂಥಾಲಯಗಳಂಥ ಗೊತ್ತುಪಡಿಸಿದ ಕೆಲಸಗಳಿಗೆ ಬ್ಯಾಂಕ್ ಮೂಲಕವೇ ಕೊಡುವ ಸಣ್ಣ ಮೊತ್ತಗಳಿಗೆ ವಾರ್ಷಿಕ ಮಿತಿಯೊಂದನ್ನು ಹಾಕಿ, ವರ್ಷಾಂತ್ಯದಲ್ಲಿ ಲೆಕ್ಕ ಒಪ್ಪಿಸುವ ಷರತ್ತಿನ ಮೇಲೆ ಅನುಮತಿಸುವುದು ಸಾಧ್ಯವಿರುವ ಸುಧಾರಣೆ. ಹಣದ ಜಾಡು ಬ್ಯಾಂಕಿನಲ್ಲಿ ಇದ್ದೇ ಇರುವುದರಿಂದ ನಿಗಾ ತಪ್ಪುವುದಿಲ್ಲ, ಮತ್ತು ಸುತ್ತುದಾರಿ ಹಿಡಿಯುವ ಪ್ರಲೋಭನೆಯೂ ಕಡಿಮೆಯಾಗುತ್ತದೆ. ಅಂಥ ಸುಧಾರಣೆ ಬರುವವರೆಗೆ ಇರುವ ನಿಯಮವನ್ನು ಅರಿತು ಪಾಲಿಸುವುದೇ ದಾನಿಗೂ ಸಂಸ್ಥೆಗೂ ಕ್ಷೇಮ. ಆದರೆ ಬದಲಾವಣೆಗಾಗಿ ಒತ್ತಾಯಿಸುವ ಕೆಲಸವನ್ನು ಹೊರನಾಡ ಕನ್ನಡ ಸಂಘಗಳೂ ಈ ಮೂರು ತಾಲ್ಲೂಕುಗಳ ಸಂಸ್ಥೆಗಳೂ ಒಟ್ಟಾಗಿ ಕೈಗೆತ್ತಿಕೊಳ್ಳಬೇಕಾಗಿದೆ.